ಬಡವರ ಮುಖ ಜಾಹೀರಾತಿಗಲ್ಲ

ರಮಝಾನ್ ತಿಂಗಳು ಬಂತೆಂದರೆ ನಮ್ಮ ಮೊಬೈಲುಗಳಲ್ಲಿ ಒಂದೇ ತೆರನ ಫೋಟೋಗಳ ಸುಗ್ಗಿ ಶುರುವಾಗುತ್ತದೆ. ಊರು ಯಾವುದೇ ಇರಲಿ, ಸಂಘಟನೆ ಯಾವುದೇ ಇರಲಿ, ಫೋಟೋ ಮಾತ್ರ ಒಂದೇ. ಹಿಂದೆ ಫ್ಲೆಕ್ಸ್ ಬ್ಯಾನರ್. ಅದರಲ್ಲಿ ದಾನಿಗಳ, ಅಧ್ಯಕ್ಷರ, ಗೌರವಾಧ್ಯಕ್ಷರ, ಕೊಲ್ಲಿ ಘಟಕದ ಪದಾಧಿಕಾರಿಗಳ ನಗುಮುಖಗಳು. ಮುಂದೆ ಏಳೆಂಟು ಮಂದಿ ಗಂಡಸರು. ಅವರ ನಡುವೆ ತಲೆ ತಗ್ಗಿಸಿ ನಿಂತ ಒಬ್ಬ ಹೆಂಗಸು. ಕೈಯಲ್ಲಿ ಅಕ್ಕಿ, ಸಕ್ಕರೆ, ಎಣ್ಣೆ, ಚಹಾಪುಡಿ, ಒಂದು ಪೊಟ್ಟಣ ಖರ್ಜೂರ ತುಂಬಿದ ಚೀಲ. ಆ ಚೀಲವನ್ನು ಅವಳೊಬ್ಬಳೇ ಹಿಡಿದಿರುವುದಿಲ್ಲ. ಕ್ಯಾಮರಾ ಕ್ಲಿಕ್ ಎನ್ನುವ ತನಕ ಇನ್ನೂ ನಾಲ್ಕು ಕೈಗಳು ಅದನ್ನು ಬಿಡದೆ ಹಿಡಿದಿರುತ್ತವೆ. ಕ್ಲಿಕ್ ಆದ ಮೇಲಷ್ಟೇ ಅಕ್ಕಿ ಅವಳದ್ದಾಗುತ್ತದೆ.

ಅರ್ಧ ಗಂಟೆಯೊಳಗೆ ಆ ಚಿತ್ರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಫೇಸ್‌ಬುಕ್ ಪುಟದಲ್ಲಿ, ಇನ್‌ಸ್ಟಾಗ್ರಾಂನಲ್ಲಿ. ಕೆಳಗೆ 'ಮಾಶಾ ಅಲ್ಲಾಹ್', 'ಅಲ್ಲಾಹನು ಸ್ವೀಕರಿಸಲಿ' ಎಂಬ ಸಾಲು ಸಾಲು ಪ್ರತಿಕ್ರಿಯೆಗಳು. ದುಬೈಯಲ್ಲೋ ದಮ್ಮಾಮಿನಲ್ಲೋ ಕೂತ ದಾನಿಗೆ ತನ್ನ ಹಣ ಸಾರ್ಥಕವಾಯಿತೆಂಬ ಸಮಾಧಾನ. ಸಂಘಟನೆಗೆ ಮುಂದಿನ ವರ್ಷದ ವಂತಿಗೆಗೆ ದಾರಿ. ಆ ಹೆಂಗಸಿಗೆ ಏನಾಯಿತು ಎಂದು ಕೇಳುವವರು ಆ ನೂರಾರು ಪ್ರತಿಕ್ರಿಯೆಗಳಲ್ಲಿ ಒಬ್ಬರೂ ಇರುವುದಿಲ್ಲ.

ಇದನ್ನು ಸೇವೆ ಎಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸಬೇಕು ಎಂಬುದು ನಮ್ಮ ವಾದ. ಅಕ್ಕಿ ಕೊಟ್ಟದ್ದು ಸೇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಟೋ ತೆಗೆದು ಹರಿಬಿಟ್ಟದ್ದು ಮಾರಾಟ. ಇಲ್ಲಿ ಮಾರಾಟವಾಗುವ ಸರಕು ಆ ಹೆಂಗಸಿನ ಮುಖ.

ಮಾರಾಟ ಎಂಬ ಮಾತನ್ನು ನಾವು ಸಿಟ್ಟಿನಲ್ಲಿ ಬಳಸುತ್ತಿಲ್ಲ. ಸಾಮಾಜಿಕ ಜಾಲತಾಣಗಳ ಇಡೀ ವ್ಯಾಪಾರ ನಿಂತಿರುವುದೇ ಚಿತ್ರದ ಮೇಲೆ. 2010ರಲ್ಲಿ ಹುಟ್ಟಿದ ಇನ್‌ಸ್ಟಾಗ್ರಾಂ ಎಂಬ ಫೋಟೋ ಹಂಚುವ ಸಂಸ್ಥೆಯನ್ನು 2012ರಲ್ಲಿ ಫೇಸ್‌ಬುಕ್ ನೂರು ಕೋಟಿ ಡಾಲರ್ ಮಾತು ಕೊಟ್ಟು ಕೊಂಡಾಗ ಅದರಲ್ಲಿ ದುಡಿಯುತ್ತಿದ್ದವರು ಕೇವಲ 13 ಮಂದಿ. ಅಷ್ಟು ಹಣ ಯಾತಕ್ಕೆ? ಬೆರಳಿನಿಂದ ತಳ್ಳುತ್ತಾ ಹೋಗುವ ಜನರನ್ನು ಒಂದು ಕ್ಷಣ ತಡೆದು ನಿಲ್ಲಿಸುವ ಶಕ್ತಿ ಬರಹಕ್ಕಿಂತ ಚಿತ್ರಕ್ಕೆ ಹೆಚ್ಚು ಎಂಬುದು ವ್ಯಾಪಾರಿಗೆ ಗೊತ್ತಿತ್ತು. ಅಲ್ಲಿ ತಡೆದು ನಿಂತ ಆ ಕ್ಷಣಕ್ಕೇ ಬೆಲೆ. ಸೋಪು ಮಾರುವವನೂ ಅದನ್ನೇ ಕೊಳ್ಳುತ್ತಾನೆ, ಚಿನ್ನದಂಗಡಿಯವನೂ ಅದನ್ನೇ ಕೊಳ್ಳುತ್ತಾನೆ. ಈಗ ಅದೇ ಸಾಲಿನಲ್ಲಿ ದಾನಧರ್ಮದವರೂ ನಿಂತಿದ್ದಾರೆ.

ದಾನದ ಮಾರುಕಟ್ಟೆಯಲ್ಲಿ ಒಂದು ಮುಖಕ್ಕೆ ಎಷ್ಟು ಬೆಲೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರೂ ಇದ್ದಾರೆ. ಅಮೆರಿಕದ ಮೂವರು ಸಂಶೋಧಕರು, ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್, 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ಬಹಳ ಹೆಸರು ಮಾಡಿದೆ. ಒಂದು ಸಮೀಕ್ಷೆಗೆ ಉತ್ತರಿಸಿದ ಜನರಿಗೆ ತಲಾ ಐದು ಡಾಲರ್ ಕೊಟ್ಟು, ಅದರಲ್ಲಿ ಇಷ್ಟವಿದ್ದಷ್ಟನ್ನು ಆಫ್ರಿಕಾದ ಹಸಿವಿಗಾಗಿ ದಾನ ಮಾಡಬಹುದು ಎಂದರು. ಕೆಲವರಿಗೆ ಮಾಲಿ ದೇಶದ ರೊಕಿಯಾ ಎಂಬ ಏಳು ವರ್ಷದ ಹುಡುಗಿಯ ಚಿತ್ರವನ್ನೂ ಕಥೆಯನ್ನೂ ತೋರಿಸಲಾಯಿತು. ಇನ್ನು ಕೆಲವರಿಗೆ ಲಕ್ಷಗಟ್ಟಲೆ ಜನ ಹಸಿದಿದ್ದಾರೆ ಎಂಬ ಅಂಕಿ ಅಂಶಗಳನ್ನು ಕೊಡಲಾಯಿತು. ರೊಕಿಯಾಳನ್ನು ನೋಡಿದವರು ಸರಾಸರಿ 2.38 ಡಾಲರ್ ಕೊಟ್ಟರು. ಅಂಕಿ ಅಂಶ ಓದಿದವರು ಕೊಟ್ಟದ್ದು 1.14 ಡಾಲರ್. ತಮಾಷೆಯೆಂದರೆ, ರೊಕಿಯಾಳ ಚಿತ್ರದ ಜೊತೆಗೆ ಅಂಕಿ ಅಂಶವನ್ನೂ ಕೊಟ್ಟಾಗ ದಾನ 1.43 ಡಾಲರಿಗೆ ಇಳಿಯಿತು. ಅಂದರೆ ಮನುಷ್ಯ ಯೋಚಿಸಲು ತೊಡಗಿದ ಕೂಡಲೇ ಕೈ ಬಿಗಿಯಾಗುತ್ತದೆ. ಆದ್ದರಿಂದ ಮುಖ ತೋರಿಸಿ, ಕಾರಣ ಹೇಳಬೇಡಿ ಎಂಬುದೇ ಪ್ರಚಾರ ತಂತ್ರದವರು ಇದರಿಂದ ಕಲಿತ ಪಾಠ.

ನಮ್ಮ ಸಂಘಟನೆಗಳ ಹುಡುಗರು ಈ ಅಧ್ಯಯನವನ್ನು ಓದಿರಲಾರರು. ಆದರೆ ಪಾಠ ಮಾತ್ರ ಚೆನ್ನಾಗಿ ಗೊತ್ತಿದೆ. ವಿಧವೆಯ ಹೆಸರಿಲ್ಲದ ಮನವಿಗೆ ಬರುವ ಹಣಕ್ಕಿಂತ, ಸೋರುವ ಮನೆಯ ಮುಂದೆ ಮೂರು ಮಕ್ಕಳೊಂದಿಗೆ ಅವಳನ್ನು ನಿಲ್ಲಿಸಿ ತೆಗೆದ ವೀಡಿಯೊಗೆ ಬರುವ ಹಣ ಹೆಚ್ಚು ಎಂಬುದನ್ನು ಅವರು ಅನುಭವದಿಂದಲೇ ಕಂಡುಕೊಂಡಿದ್ದಾರೆ.

ಹಣ ಬರುತ್ತದೆ ನಿಜ. ಆದರೆ ಎಷ್ಟು ದಿನ? 2015ರ ಸೆಪ್ಟೆಂಬರ್ 2ರಂದು ಟರ್ಕಿಯ ಕಡಲ ತಡಿಯಲ್ಲಿ ಮುಖ ಕೆಳಗಾಗಿ ಬಿದ್ದಿದ್ದ ಸಿರಿಯಾದ ಎಳೆಯ ಬಾಲಕ ಅಲನ್ ಕುರ್ದಿಯ ಚಿತ್ರ ಯಾರಿಗೆ ನೆನಪಿಲ್ಲ? ಸಿರಿಯಾದಲ್ಲಿ ಅದಾಗಲೇ ಲಕ್ಷಗಟ್ಟಲೆ ಜನ ಸತ್ತಿದ್ದರು, ಜಗತ್ತು ಸುಮ್ಮನಿತ್ತು. ಆ ಒಂದು ಚಿತ್ರ ಬಂದ ವಾರದಲ್ಲಿ ಸ್ವೀಡನ್ನಿನ ರೆಡ್‌ಕ್ರಾಸ್ ಸಂಸ್ಥೆಯ ನಿರಾಶ್ರಿತರ ನಿಧಿಗೆ ದಿನವೊಂದಕ್ಕೆ ಬರುತ್ತಿದ್ದ ದೇಣಿಗೆ ಐವತ್ತು ಪಟ್ಟಿಗೂ ಮೀರಿ ಏರಿತು ಎಂದು ಮೇಲೆ ಹೇಳಿದ ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು 2017ರಲ್ಲಿ ದಾಖಲಿಸಿದ್ದಾರೆ. ಆರು ವಾರಗಳೊಳಗೆ ಆ ಪ್ರವಾಹ ಇಳಿದುಹೋಯಿತು. ಯುದ್ಧ ಮಾತ್ರ ಇನ್ನೂ ಒಂಬತ್ತು ವರ್ಷ ನಡೆಯಿತು. ಚಿತ್ರದ ಶಕ್ತಿಯನ್ನು ಹೊಗಳುವವರು ಈ ಆರು ವಾರಗಳ ಲೆಕ್ಕವನ್ನು ಹೇಳುವುದಿಲ್ಲ. ಮರುಕ ಬೇಗ ಹಳಸುತ್ತದೆ. ಹಳಸಿದ ಮೇಲೆ ಹೊಸ ಮುಖ ಬೇಕು, ಇನ್ನೂ ಹೆಚ್ಚು ಅಳುವ ಮುಖ ಬೇಕು. ಕಳೆದ ವರ್ಷ ಸೋರುವ ಮನೆ ಸಾಕಾಗಿತ್ತು, ಈ ವರ್ಷ ಡಯಾಲಿಸಿಸ್ ಯಂತ್ರ ಬೇಕಾಗಿದೆ.

ಈ ಮಾರುಕಟ್ಟೆ ಇಂದಿನದ್ದಲ್ಲ. 1984ರ ಇಥಿಯೋಪಿಯಾದ ಬರಗಾಲದಲ್ಲಿ ಎಲುಬಿನ ಹಂದರವಾಗಿದ್ದ ಮಕ್ಕಳ ಚಿತ್ರಗಳನ್ನು ಪಾಶ್ಚಾತ್ಯ ನೆರವು ಸಂಸ್ಥೆಗಳು ಜಗತ್ತಿನ ತುಂಬ ಹಂಚಿ ಹಣ ಎತ್ತಿದವು. ಅದಕ್ಕೂ ಮೊದಲೇ, 1981ರಲ್ಲಿ, ಯೋರ್ಗನ್ ಲಿಸ್ನರ್ ಎಂಬವರು ಇಂಗ್ಲೆಂಡಿನ ಒಂದು ಪತ್ರಿಕೆಯಲ್ಲಿ ಇಂತಹ ಸಂಸ್ಥೆಗಳನ್ನು ಸಂಕಟದ ವ್ಯಾಪಾರಿಗಳೆಂದು ಕರೆದು ಜಗಳ ತೆಗೆದಿದ್ದರು. 1993ರಲ್ಲಿ ಸೂಡಾನಿನಲ್ಲಿ ಕುಸಿದು ಬಿದ್ದ ಮಗು ಮತ್ತು ಅದರ ಹಿಂದೆ ಕೂತ ರಣಹದ್ದಿನ ಚಿತ್ರ ತೆಗೆದ ಕೆವಿನ್ ಕಾರ್ಟರ್‌ಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಮಗು ಏನಾಯಿತು ಎಂಬ ಓದುಗರ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ಇಂತಹ ಚರ್ಚೆಗಳ ಫಲವಾಗಿ ಯುರೋಪಿನ ಸ್ವಯಂಸೇವಾ ಸಂಸ್ಥೆಗಳು 1989ರಲ್ಲಿ ಒಂದು ಸಂಹಿತೆ ಮಾಡಿಕೊಂಡವು, 2006ರಲ್ಲಿ ಅದನ್ನು ಪರಿಷ್ಕರಿಸಿದವು. ಚಿತ್ರದಲ್ಲಿರುವವರ ಘನತೆ ಕೆಡಬಾರದು, ಅವರ ಒಪ್ಪಿಗೆ ಇರಬೇಕು ಎಂಬುದು ಅದರ ಸಾರ. ಆ ಸಂಹಿತೆಯನ್ನು ಎಲ್ಲರೂ ಪಾಲಿಸಿದರು ಎಂದಲ್ಲ. ಆದರೆ ಅವರು ನಾಚಿಕೊಂಡು ಅಷ್ಟಿಷ್ಟಾದರೂ ಕೆಳಗಿಟ್ಟ ಚೀಲವನ್ನು ನಾವು ಹೆಮ್ಮೆಯಿಂದ ಹೆಗಲಿಗೇರಿಸಿಕೊಂಡಿದ್ದೇವೆ ಎಂಬುದು ವಿಚಿತ್ರ.

ಒಂದು ಚಿತ್ರ ಒಬ್ಬ ಬಡವನ ಬದುಕನ್ನು ಏನು ಮಾಡಬಲ್ಲದು ಎಂದು ತಿಳಿಯಲು ಭಾರತದ ಮುಸ್ಲಿಮರು ಸೂಡಾನಿಗೆ ಹೋಗಬೇಕಾಗಿಲ್ಲ. 2002ರ ಗುಜರಾತ್ ಹತ್ಯಾಕಾಂಡದ ವೇಳೆ ಅಹ್ಮದಾಬಾದಿನಲ್ಲಿ ಕೈ ಮುಗಿದು, ಕಣ್ಣೀರು ತುಂಬಿ, ಪ್ರಾಣಭಿಕ್ಷೆ ಬೇಡುತ್ತಿದ್ದ ದರ್ಜಿ ಕುತುಬುದ್ದೀನ್ ಅನ್ಸಾರಿಯ ಚಿತ್ರವನ್ನು ರಾಯಿಟರ್ಸ್ ಸಂಸ್ಥೆಯ ಆರ್ಕೋ ದತ್ತಾ ತೆಗೆದರು. ಆ ಚಿತ್ರ ತೆಗೆದದ್ದು ತಪ್ಪೆಂದು ನಾವು ಹೇಳುವುದಿಲ್ಲ. ಅದು ಸಾಕ್ಷ್ಯ. ಅದನ್ನು ನೋಡಿ ನಾಚಬೇಕಾದವರು ಕೊಂದವರು, ಕೊಲ್ಲಲು ಬಿಟ್ಟವರು. ಆದರೆ ಆಮೇಲೆ ನಡೆದದ್ದೇನು? ಆ ಮುಖ ಪತ್ರಿಕೆಯಿಂದ ಪೋಸ್ಟರಿಗೆ, ಪೋಸ್ಟರಿನಿಂದ ಚುನಾವಣಾ ಪ್ರಚಾರಕ್ಕೆ ಹೋಯಿತು. ಅನ್ಸಾರಿ ಊರು ಬಿಟ್ಟರು. ಹೋದಲ್ಲೆಲ್ಲ ಜನ ಗುರುತಿಸಿದರು. 2003ರಲ್ಲಿ ಪಶ್ಚಿಮ ಬಂಗಾಳ ಸರಕಾರದ ನೆರವಿನಿಂದ ಕೊಲ್ಕತ್ತಾಗೆ ಹೋಗಿ ಬದುಕು ಕಟ್ಟಲು ಯತ್ನಿಸಿದರು, ಕೊನೆಗೆ ಮರಳಿ ಅಹ್ಮದಾಬಾದಿಗೇ ಬಂದರು. ಘಟನೆ ನಡೆದು 14 ವರ್ಷಗಳಾದ ಮೇಲೂ, 2016ರ ಅಸ್ಸಾಂ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಅದೇ ಚಿತ್ರವನ್ನು ತನ್ನ ಜಾಹೀರಾತಿನಲ್ಲಿ ಬಳಸಿತು. ಅನ್ಸಾರಿ ಬಹಿರಂಗವಾಗಿಯೇ ಪ್ರತಿಭಟಿಸಬೇಕಾಯಿತು. ಮುಸ್ಲಿಮರ ಮತ ಕೇಳುವ ಪಕ್ಷಕ್ಕೆ ಒಬ್ಬ ಮುಸ್ಲಿಮನನ್ನು ಕೇಳಿ ನೋಡುವಷ್ಟು ವ್ಯವಧಾನ ಇರಲಿಲ್ಲ.

ಸಾಕ್ಷ್ಯಕ್ಕೂ ಜಾಹೀರಾತಿಗೂ ಇರುವ ವ್ಯತ್ಯಾಸ ಇಲ್ಲಿದೆ. ಗಾಝಾದ ಪತ್ರಕರ್ತರು ಪ್ರಾಣ ಪಣಕ್ಕಿಟ್ಟು ತೆಗೆದ ಚಿತ್ರಗಳು ನಮಗೆ ಬೇಕು. ಅವು ಇಲ್ಲದಿದ್ದರೆ ಅಲ್ಲಿ ಏನೂ ನಡೆದಿಲ್ಲ ಎಂದು ಹೇಳುವವರದೇ ಮೇಲುಗೈಯಾಗುತ್ತಿತ್ತು. ಆ ಚಿತ್ರಗಳಲ್ಲಿ ತಲೆ ತಗ್ಗಿಸಬೇಕಾದವನು ಬಾಂಬು ಹಾಕಿದವನು. ರಮಝಾನ್ ಕಿಟ್ಟಿನ ಫೋಟೋದಲ್ಲಿ ತಲೆ ತಗ್ಗಿಸಿ ನಿಂತವಳು ಯಾವ ಅಪರಾಧ ಮಾಡಿದ್ದಾಳೆ? (2024ರ ಮೇ ತಿಂಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಸಲ ಹಂಚಲ್ಪಟ್ಟ ರಫಾದ ಚಿತ್ರ ನಿಜವಾದ ಫೋಟೋ ಆಗಿರಲಿಲ್ಲ, ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದು ಎಂಬುದೂ ನೆನಪಿರಲಿ. ನಿಜವಾದ ಚಿತ್ರಗಳು ಅಷ್ಟು ಓಡಲಿಲ್ಲ. ಜಾಲತಾಣ ಯಾವುದನ್ನು ಇಷ್ಟಪಡುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.)

ಈ ಮಾತು ಎತ್ತಿದಾಗಲೆಲ್ಲ ಬರುವ ಮೊದಲ ಉತ್ತರ 'ಲೆಕ್ಕ ಕೊಡಬೇಕಲ್ಲ' ಎಂಬುದು. ದಾನಿಗಳು ಕೇಳುತ್ತಾರೆ, ಫೋಟೋ ಇಲ್ಲದಿದ್ದರೆ ನಂಬುವುದಿಲ್ಲ ಎನ್ನುತ್ತಾರೆ. ಲೆಕ್ಕ ಕೊಡಬೇಕಾದದ್ದು ಸರಿ, ಕೊಡದ ಸಂಘಟನೆಗಳನ್ನು ನಾವು ಹೆಚ್ಚು ಜೋರಾಗಿ ಕೇಳಬೇಕು. ಆದರೆ ಫೋಟೋ ಹೇಗೆ ಲೆಕ್ಕವಾಗುತ್ತದೆ? ಹತ್ತು ಮಂದಿಗೆ ಕಿಟ್ ಕೊಡುವ ಫೋಟೋ, ನೂರು ಕಿಟ್ಟಿನ ಹಣ ಎಲ್ಲಿ ಹೋಯಿತೆಂದು ಹೇಳುತ್ತದೆಯೇ? ಅಂಗಡಿಯ ಬಿಲ್ಲು ಹೇಳುತ್ತದೆ, ಬ್ಯಾಂಕ್ ಪಾಸ್ ಪುಸ್ತಕ ಹೇಳುತ್ತದೆ, ಲೆಕ್ಕಪರಿಶೋಧಕರ ಸಹಿ ಹೇಳುತ್ತದೆ. ಫೋಟೋದ ನಂಬಿಕೆ ಎಂಥದ್ದೆಂದು ಸರಕಾರವೇ ತೋರಿಸಿಕೊಟ್ಟಿದೆ. ಉದ್ಯೋಗ ಖಾತರಿ ಯೋಜನೆಯ ಕಾರ್ಮಿಕರ ಹಾಜರಾತಿಗೆ ದಿನಕ್ಕೆ ಎರಡು ಬಾರಿ ಮೊಬೈಲ್ ಆ್ಯಪ್‌ನಲ್ಲಿ ಫೋಟೋ ಹಾಕುವುದನ್ನು 2023ರ ಜನವರಿಯಿಂದ ಎಲ್ಲೆಡೆ ಕಡ್ಡಾಯ ಮಾಡಲಾಯಿತು. ಕಳ್ಳತನ ನಿಲ್ಲುತ್ತದೆ ಎಂದರು. 2025ರ ಜುಲೈಯಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆಯ ಪ್ರಕಾರ, ಸಂಬಂಧವಿಲ್ಲದ ಚಿತ್ರಗಳು, ಫೋಟೋವನ್ನೇ ಮತ್ತೆ ಫೋಟೋ ತೆಗೆದ ಚಿತ್ರಗಳು ಹಾಜರಾತಿಯಾಗಿ ಸಂದಿದ್ದವು. ದೊಡ್ಡ ಯೋಜನೆಯ ಗತಿಯೇ ಹೀಗಾದರೆ ನಮ್ಮ ಮೊಹಲ್ಲಾ ಸಂಘದ ಫೋಟೋದಿಂದ ಏನು ಸಾಬೀತಾಗುತ್ತದೆ? ಹಾಜರಿದ್ದ ಪದಾಧಿಕಾರಿಗಳು ಹಾಜರಿದ್ದರು ಎಂಬುದಷ್ಟೇ.

ಎರಡನೆಯ ಉತ್ತರ ಸ್ವಲ್ಪ ಗಟ್ಟಿಯಾದದ್ದು. ಇತರರಿಗೆ ಪ್ರೇರಣೆ ಆಗಲಿ ಎಂದು ತೋರಿಸುತ್ತೇವೆ, ಬಹಿರಂಗವಾಗಿ ದಾನ ಮಾಡುವುದನ್ನು ಪವಿತ್ರ ಕುರ್‌ಆನ್ ಕೂಡಾ ಒಳ್ಳೆಯದೆಂದೇ ಹೇಳಿದೆಯಲ್ಲ ಎನ್ನುತ್ತಾರೆ. ಹೌದು, ಅಲ್ ಬಕರ ಅಧ್ಯಾಯದಲ್ಲಿ ಆ ಮಾತಿದೆ. ಅದೇ ಸೂಕ್ತದಲ್ಲಿ, ಗುಟ್ಟಾಗಿ ಬಡವರಿಗೆ ತಲುಪಿಸಿದರೆ ಅದು ನಿಮಗೆ ಇನ್ನೂ ಒಳ್ಳೆಯದು ಎಂಬ ಮಾತೂ ಇದೆ. ಅರ್ಧ ಓದಿ ನಿಲ್ಲಿಸುವವರ ಬಗ್ಗೆ ನಾವೇನೂ ಹೇಳುವಂತಿಲ್ಲ. ಆದರೆ ಇಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಬಹಿರಂಗವಾಗಲು ಅನುಮತಿ ಇರುವುದು ದಾನಕ್ಕೆ. ದಾನ ಪಡೆದವನನ್ನು ಬಹಿರಂಗಪಡಿಸಲು ಅಲ್ಲ. ಒಬ್ಬ ಶ್ರೀಮಂತ ತಾನು ಹತ್ತು ಲಕ್ಷ ಕೊಟ್ಟೆನೆಂದು ಮಸೀದಿಯ ಮೈಕಿನಲ್ಲಿ ಹೇಳಿಸಿಕೊಳ್ಳಲಿ, ಅದರ ಉದ್ದೇಶದ ವಿಚಾರಣೆ ಅಲ್ಲಾಹನ ಮುಂದೆ. ಆದರೆ ಅವನ ಹತ್ತು ಲಕ್ಷದಲ್ಲಿ ಅಕ್ಕಿ ಪಡೆದವಳ ಮುಖ ಅವನದ್ದಲ್ಲ, ಸಂಘಟನೆಯದ್ದೂ ಅಲ್ಲ. ಕೊಟ್ಟದ್ದನ್ನು ಎತ್ತಿ ಆಡಿ, ಪಡೆದವರನ್ನು ನೋಯಿಸಿ ನಿಮ್ಮ ದಾನವನ್ನು ನಿಷ್ಫಲಗೊಳಿಸಿಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಹಿಂದೆ ಎತ್ತಿ ಆಡಲು ಬಾಯಿ ಬೇಕಿತ್ತು, ಒಬ್ಬರೋ ಇಬ್ಬರೋ ಕೇಳುತ್ತಿದ್ದರು. ಈಗ ಫೇಸ್‌ಬುಕ್ ತಾನಾಗಿಯೇ ಪ್ರತಿ ವರ್ಷ 'ಈ ದಿನದ ನೆನಪು' ಎಂದು ಆ ಫೋಟೋವನ್ನು ಮೇಲೆತ್ತಿ ತೋರಿಸುತ್ತದೆ.

'ಅವಳೇ ಒಪ್ಪಿದ್ದಾಳೆ' ಎಂಬುದು ಮೂರನೆಯ ಉತ್ತರ. ಐದು ಕಿಲೋ ಅಕ್ಕಿ ಒಂದು ಕೈಯಲ್ಲಿ, ಕ್ಯಾಮರಾ ಇನ್ನೊಂದು ಕೈಯಲ್ಲಿ ಹಿಡಿದು ಕೇಳಿದ ಒಪ್ಪಿಗೆ ಒಪ್ಪಿಗೆಯೇ? ಬೇಡ ಎಂದರೆ ಮುಂದಿನ ಸಲ ಪಟ್ಟಿಯಲ್ಲಿ ಹೆಸರಿರುತ್ತದೋ ಇಲ್ಲವೋ ಎಂಬ ಅಳುಕು ಯಾರಿಗಿರುವುದಿಲ್ಲ? ಬೇಡುವ ಮನಸ್ಸಿಲ್ಲದೆ, ಇದ್ದುದರಲ್ಲೇ ಮಾನವಾಗಿ ಬದುಕಿ, ತಿಳಿಯದವರ ಕಣ್ಣಿಗೆ ಅನುಕೂಲಸ್ಥರಂತೆ ಕಾಣುವ ಬಡವರನ್ನು ಕುರ್‌ಆನ್ ವಿಶೇಷವಾಗಿ ಹೆಸರಿಸಿ, ಅವರನ್ನು ಹುಡುಕಿ ಕೊಡಿ ಎನ್ನುತ್ತದೆ. ನಮ್ಮ ಫೋಟೋ ಪದ್ಧತಿ ಮೊದಲು ಹೊರಗಟ್ಟುವುದು ಅವರನ್ನೇ. ಮಾನಕ್ಕೆ ಅಂಜುವವನು ಸಾಲಿಗೆ ಬರುವುದೇ ಇಲ್ಲ. ಹಾಗಾಗಿ ಹೆಚ್ಚು ಅರ್ಹರಾದವರು ಉಪವಾಸವಿದ್ದು, ಕ್ಯಾಮರಾಕ್ಕೆ ಅಂಜದವರಿಗೆ ಮೂರು ಸಂಘಟನೆಗಳಿಂದ ಮೂರು ಕಿಟ್ ಸಿಗುವ ಸ್ಥಿತಿ ಪ್ರತಿ ಊರಿನಲ್ಲೂ ಇದೆ. ವಿತರಣೆಯಲ್ಲಿ ತೊಡಗಿದವರಿಗೆ ಇದು ಹೊಸ ಸುದ್ದಿಯೇನಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಮದುವೆ ಮನೆಯಲ್ಲಿ ಹೆಂಗಸರ ಕಡೆ ಫೋಟೋ ತೆಗೆಯಬಾರದೆಂದು ಬೋರ್ಡು ಹಾಕುವ ಜಮಾಅತಿನ ಮುಖಂಡರೇ, ಸಾಮೂಹಿಕ ವಿವಾಹದ ವೇದಿಕೆಯಲ್ಲಿ ಬಡ ಮದುಮಗಳನ್ನು ರಾಜಕಾರಣಿಗಳ ಪಕ್ಕ ನಿಲ್ಲಿಸಿ ಫೋಟೋ ತೆಗೆಸುತ್ತಾರೆ. ತಮ್ಮ ಮಗಳ ಚಿತ್ರ ಯಾರ ಮೊಬೈಲಿನಲ್ಲೂ ಇರಬಾರದು, ಬಡವನ ಮಗಳ ಚಿತ್ರ ಎಲ್ಲರ ಮೊಬೈಲಿನಲ್ಲೂ ಇರಬಹುದು. ಇದು ಯಾವ ಶರೀಅತ್? ಹೊಲಿಗೆ ಯಂತ್ರ ಪಡೆದವಳು, ವಿದ್ಯಾರ್ಥಿವೇತನದ ಚೆಕ್ ಪಡೆದವಳು, ತಲಾಕ್ ಆಗಿ ಮಾಸಾಶನ ಪಡೆದವಳು, ಎಲ್ಲರೂ ಹೆಸರು, ಊರು ಸಮೇತ ಪುಟದಲ್ಲಿದ್ದಾರೆ. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ ಎರಡು ಆ್ಯಪ್‌ಗಳಲ್ಲಿ ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಕದ್ದು 'ಹರಾಜಿ'ಗಿಟ್ಟರು. ಎರಡನೆಯದರಲ್ಲಿ ನೂರಕ್ಕೂ ಹೆಚ್ಚು ಮಂದಿಯ ಚಿತ್ರಗಳಿದ್ದವು. ಆ ಪ್ರಕರಣದಲ್ಲಿ ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ನಾವೆಲ್ಲ ಸಿಡಿದೆದ್ದೆವು, ಸಿಡಿಯಲೇಬೇಕಿತ್ತು. ಆ ಮಹಿಳೆಯರು ಪತ್ರಕರ್ತೆಯರು, ವಕೀಲೆಯರು, ಹೋರಾಟಗಾರ್ತಿಯರು. ದೂರು ಕೊಡುವ ಧೈರ್ಯ ಅವರಿಗಿತ್ತು, ಬರೆಯುವ ಜಾಗ ಅವರಿಗಿತ್ತು. ಕಿಟ್ ಪಡೆದ ಹೆಂಗಸಿನ ಫೋಟೋವನ್ನು ನಾಳೆ ಯಾರೋ ಕದ್ದು ಏನೋ ಮಾಡಿದರೆ ಅವಳು ಯಾರ ಬಳಿ ಹೋಗಬೇಕು? ಕದಿಯುವವನಿಗೆ ಬಾಗಿಲು ತೆರೆದಿಟ್ಟದ್ದು ನಮ್ಮದೇ ಸಂಘಟನೆಯ ಪುಟವಾದರೆ?

ಶಾಲಾ ಮಕ್ಕಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಭಾನುವಾರ ಪುಸ್ತಕ, ಬ್ಯಾಗು ಪಡೆದ ಹುಡುಗನ ಫೋಟೋ ಸೋಮವಾರ ತರಗತಿಯ ಎಲ್ಲ ಹೆತ್ತವರ ಮೊಬೈಲಿನಲ್ಲಿರುತ್ತದೆ. ಮಕ್ಕಳು ಮಕ್ಕಳೇ, ಆಡಿಕೊಳ್ಳುತ್ತಾರೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸಿದೆ. ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅನಾಥಾಲಯದ ವಾರ್ಷಿಕೋತ್ಸವದ ಫೋಟೋ ಹಾಕುವವರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ರೋಗಿಗಳ ವಿಷಯಕ್ಕೆ ಬಂದರೆ ನಮ್ಮ ವಾದ ಅಷ್ಟು ಸಲೀಸಲ್ಲ ಎಂಬುದನ್ನು ಒಪ್ಪಬೇಕು. 2021ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಒಂದು ಮಗುವಿಗೆ ಸ್ನಾಯು ಕ್ಷೀಣಿಸುವ ಅಪರೂಪದ ಆನುವಂಶಿಕ ರೋಗಕ್ಕೆ 18 ಕೋಟಿ ರೂ. ಬೆಲೆಯ ಔಷಧ ಬೇಕಾಗಿತ್ತು. ವೀಡಿಯೊ ಮನವಿ ಹರಡಿದ ಕೆಲವೇ ದಿನಗಳಲ್ಲಿ 46 ಕೋಟಿಗೂ ಹೆಚ್ಚು ಹಣ ಹರಿದುಬಂತು. ಜಾತಿ ಮತ ನೋಡದೆ ಜನ ಕೊಟ್ಟರು. ಆ ವೀಡಿಯೊ ತಪ್ಪು ಎಂದು ಯಾವ ಬಾಯಿಯಿಂದ ಹೇಳುವುದು? ಹೆತ್ತವರು ಮಗುವಿನ ಪ್ರಾಣಕ್ಕಾಗಿ ಏನು ಮಾಡಿದರೂ ಅದನ್ನು ಪ್ರಶ್ನಿಸುವ ಹಕ್ಕು ನಮಗಿಲ್ಲ. ನಮ್ಮ ಪ್ರಶ್ನೆ ಅವರಿಗಲ್ಲ. ಕೇಂದ್ರ ಸರಕಾರದ 2021ರ ಅಪರೂಪದ ರೋಗಗಳ ನೀತಿಯಲ್ಲಿ, 2022ರ ತಿದ್ದುಪಡಿಯ ಬಳಿಕವೂ, ಒಬ್ಬ ರೋಗಿಗೆ ನಿಗದಿಯಾದ ನೆರವು ಗರಿಷ್ಠ 50 ಲಕ್ಷ ರೂ. 50 ಲಕ್ಷಕ್ಕೂ 18 ಕೋಟಿಗೂ ನಡುವಿನ ಕಂದರವನ್ನು ಮಗುವಿನ ಮುಖದಿಂದ ತುಂಬಿಸಬೇಕಾಗಿದೆ. ಮುದ್ದಾದ ಮಗು, ಚೆನ್ನಾಗಿ ಮಾತಾಡಬಲ್ಲ ಅಕ್ಕ, ಒಳ್ಳೆಯ ವೀಡಿಯೊ ಮಾಡಬಲ್ಲ ನೆರೆಯವರು ಇದ್ದ ಮಗು ಉಳಿದೀತು. ಅದೇ ರೋಗದ ಇನ್ನೊಂದು ಮಗುವಿನ ವೀಡಿಯೊ ಓಡಲಿಲ್ಲ, ಅಷ್ಟೇ. ಯಾರು ಬದುಕಬೇಕೆಂಬುದನ್ನು ಒಂದು ಕಂಪೆನಿಯ ಜಾಲತಾಣ ಯಾವ ಚಿತ್ರವನ್ನು ಮೇಲೆತ್ತುತ್ತದೆ ಎಂಬುದಕ್ಕೆ ಬಿಟ್ಟುಕೊಟ್ಟ ಸರಕಾರಕ್ಕೆ ನಮ್ಮ ಪ್ರಶ್ನೆ.

ಈ ಕಂದರದ ಅಂಚಿನಲ್ಲೇ ಅಂಗಡಿ ತೆರೆದವರೂ ಇದ್ದಾರೆ. ಯೂಟ್ಯೂಬಿನಲ್ಲಿ ಹಾಡು ಕೇಳುತ್ತಿದ್ದಾಗ ನಡುವೆ ಮೂಗಿಗೆ ಕೊಳವೆ ಹಾಕಿದ ಮಗು, ಎದೆ ಬಡಿದುಕೊಂಡು ಅಳುವ ತಾಯಿ. ಐದು ಸೆಕೆಂಡಿನ ನಂತರ ದಾಟಿ ಹೋಗಲು ಗುಂಡಿ. ಆ ಗುಂಡಿ ಒತ್ತುವವನಿಗೆ ತಾನು ಕೊಲೆ ಮಾಡಿದಷ್ಟು ಪಾಪಪ್ರಜ್ಞೆ ಹುಟ್ಟಬೇಕೆಂಬುದೇ ಆ ಜಾಹೀರಾತಿನ ಲೆಕ್ಕಾಚಾರ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2022ರಲ್ಲಿ ದಾನ ಸಂಗ್ರಹದ ಜಾಹೀರಾತುಗಳಿಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿ, ಸಂತ್ರಸ್ತರ ಘನತೆಗೆ ಕುಂದು ತರುವ ಘೋರ ಚಿತ್ರಗಳನ್ನು ತೋರಿಸಬಾರದು, ಕೊಡದವರಲ್ಲಿ ನಾಚಿಕೆ ಹುಟ್ಟಿಸುವಂತೆ ಬಿಂಬಿಸಬಾರದು ಎಂದಿತು. ಸೋಪು, ಕ್ರೀಮುಗಳ ಜಾಹೀರಾತುದಾರರ ಮಂಡಳಿಗೆ ಹೊಳೆದ ವಿಷಯ ಧರ್ಮದ ಹೆಸರಿನಲ್ಲಿ ಕೆಲಸ ಮಾಡುವವರಿಗೆ ಹೊಳೆಯದೆ ಹೋದದ್ದು ಹೇಗೆ? ನಮ್ಮ ಗುಂಪುಗಳಲ್ಲಿ ಇಂದಿಗೂ ಆಸ್ಪತ್ರೆಯ ವರದಿ, ಹಾಸಿಗೆಯಲ್ಲಿ ಅರೆಬೆತ್ತಲೆ ಮಲಗಿದ ರೋಗಿ, ಮನೆಯವರ ಫೋನ್ ನಂಬರು ಒಟ್ಟಿಗೇ ಬರುತ್ತವೆ. ರೋಗಿ ತೀರಿಕೊಂಡು ವರ್ಷವಾದರೂ ಅದೇ ಸಂದೇಶ ಬೇರೆ ಊರಿನ ಗುಂಪಿನಲ್ಲಿ 'ತುರ್ತು' ಎಂದು ಸುತ್ತುತ್ತಿರುತ್ತದೆ, ಆ ಮನೆಯ ಫೋನು ಮತ್ತೆ ಮತ್ತೆ ರಿಂಗಾಗುತ್ತಿರುತ್ತದೆ.

ಇದು ಮುಸ್ಲಿಮರ ರೋಗ ಮಾತ್ರ ಎಂದು ಯಾರೂ ತಿಳಿಯಬಾರದು. ಪಡಿತರದ ಚೀಲದಲ್ಲಿ ಪ್ರಧಾನಿಯ ಮುಖ, ಲಸಿಕೆಯ ಪ್ರಮಾಣಪತ್ರದಲ್ಲಿ ಪ್ರಧಾನಿಯ ಮುಖ, ರಾಜ್ಯದ ಯೋಜನೆಗಳಲ್ಲಿ ಮುಖ್ಯಮಂತ್ರಿಗಳ ಮುಖ ನಾವು ಕಂಡಿದ್ದೇವೆ. ಸರಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿಗಳ ಹೊರತು ಬೇರಾರ ಚಿತ್ರವೂ ಬೇಡ ಎಂದು ಸುಪ್ರೀಂ ಕೋರ್ಟ್ 2015ರ ಮೇ ತಿಂಗಳಲ್ಲಿ ಹೇಳಿತ್ತು. ರಾಜ್ಯಗಳು ಗೋಗರೆದವು, 2016ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ, ಮಂತ್ರಿಗಳಿಗೂ ಅವಕಾಶ ಸಿಕ್ಕಿತು. ಜನರ ತೆರಿಗೆಯ ಹಣದಿಂದ ಜನರಿಗೇ ಕೊಡುವಾಗಲೂ ಕೊಡುವವನ ಮುಖ ಬೇಕು! ಕೊರೋನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ರಾಜಸ್ಥಾನದ ಆಗಿನ ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ಆಹಾರ, ಪಡಿತರ ಹಂಚುವಾಗ ಫೋಟೋ ತೆಗೆಯುವುದನ್ನು ನಿಷೇಧಿಸಿದ್ದರು. ಆಗ ನಮ್ಮ ಕರಾವಳಿಯಲ್ಲಿ ಬಾಳೆಹಣ್ಣು ಕೊಡುವಾಗಲೂ ಫೋಟೋ ತೆಗೆಯುತ್ತಿದ್ದರು. ದೇವಸ್ಥಾನ, ಚರ್ಚು, ಮಸೀದಿ, ಲಯನ್ಸು, ರೋಟರಿ, ಯುವಕ ಮಂಡಲ ಎಂಬ ಭೇದ ಇದರಲ್ಲಿಲ್ಲ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಪ್ರವಾದಿ ಮುಹಮ್ಮದ್(ಸ)ರ ವಚನದಲ್ಲೂ ಇದೆ, ಏಸುವಿನ ಬೋಧನೆಯಲ್ಲೂ ಇದೆ, ಕನ್ನಡದ ಹಳ್ಳಿಗರ ಬಾಯಲ್ಲೂ ಇದೆ.

ಆದರೂ ಮುಸ್ಲಿಮರನ್ನು ನಾವು ಹೆಚ್ಚು ನಿಷ್ಠುರವಾಗಿ ಕೇಳುವುದಕ್ಕೆ ಕಾರಣವಿದೆ. ಇಸ್ಲಾಮಿನಲ್ಲಿ ಝಕಾತ್ ಎಂಬುದು ಶ್ರೀಮಂತನ ಔದಾರ್ಯವೇ ಅಲ್ಲ. ಅದು ಅವನ ಸಂಪತ್ತಿನಲ್ಲಿ ಬಡವನಿಗಿರುವ ಹಕ್ಕು. ನಮ್ಮದೇ ಹಣವನ್ನು ಬ್ಯಾಂಕಿನಿಂದ ತೆಗೆಯುವಾಗ ಮ್ಯಾನೇಜರನು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿ ಪತ್ರಿಕೆಗೆ ಕಳಿಸಿದರೆ ನಾವು ಸುಮ್ಮನಿರುತ್ತೇವೆಯೇ? ಕೊಡುವಾಗ 'ಇದು ಝಕಾತ್' ಎಂದು ಪಡೆಯುವವನಿಗೆ ಹೇಳಬೇಕಾದ ಅಗತ್ಯವೂ ಇಲ್ಲ ಎಂಬುದು ಬಹುತೇಕ ಕರ್ಮಶಾಸ್ತ್ರ ವಿದ್ವಾಂಸರ ನಿಲುವು. ಪಡೆಯುವವನ ಮನಸ್ಸಿಗೆ ನೋವಾಗದಿರಲಿ ಎಂಬಷ್ಟು ನಾಜೂಕು ಅವರಿಗಿತ್ತು. ನಾವು ಬ್ಯಾನರಿನಲ್ಲೇ 'ಝಕಾತ್ ವಿತರಣಾ ಸಮಾರಂಭ' ಎಂದು ಮುದ್ರಿಸಿ ಅದರ ಕೆಳಗೆ ಅವನನ್ನು ನಿಲ್ಲಿಸುತ್ತೇವೆ.

ಪ್ರವಾದಿ(ಸ)ರ ಮರಿಮಗ, ಕರ್ಬಲಾದಲ್ಲಿ ತಂದೆ ಹುಸೈನ್‌ರನ್ನು ಕಳೆದುಕೊಂಡು ಬದುಕುಳಿದ ಅಲೀ ಝೈನುಲ್ ಆಬಿದೀನ್‌ರ ಬಗ್ಗೆ ಚರಿತ್ರೆಕಾರರು ಬರೆದಿಟ್ಟ ಪ್ರಸಂಗವೊಂದಿದೆ. ಮದೀನಾದ ಹಲವು ಬಡ ಮನೆಗಳಿಗೆ ರಾತ್ರಿಯ ಹೊತ್ತು ಯಾರೋ ಆಹಾರ ತಂದು ಕೊಟ್ಟು ಹೋಗುತ್ತಿದ್ದರು. ಯಾರೆಂದು ಆ ಮನೆಗಳವರಿಗೆ ಗೊತ್ತಿರಲಿಲ್ಲ. ಝೈನುಲ್ ಆಬಿದೀನ್ ತೀರಿಕೊಂಡ ಬಳಿಕ ಆ ಆಹಾರ ನಿಂತುಹೋಯಿತು. ಮಯ್ಯಿತ್ತನ್ನು ಸ್ನಾನ ಮಾಡಿಸಿದವರು ಅವರ ಬೆನ್ನಿನ ಮೇಲೆ ಮೂಟೆ ಹೊತ್ತು ಹೊತ್ತು ಬಿದ್ದ ಕರೆಗಳನ್ನು ಕಂಡರು. ಅವರ ಕಾಲದಲ್ಲಿ ಕ್ಯಾಮರಾ ಇರಲಿಲ್ಲ ನಿಜ, ಆದರೆ ಕವಿಗಳಿದ್ದರು. ಹೊಗಳಿಸಿಕೊಳ್ಳುವ ಮನಸ್ಸಿದ್ದರೆ ಒಂದು ದೀನಾರಿಗೆ ಒಬ್ಬ ಕವಿ ಸಿಗುತ್ತಿದ್ದ. ಅಷ್ಟು ದೂರ ಏಕೆ, ಈದುಲ್ ಫಿತ್ರ್‌ನ ಹಿಂದಿನ ರಾತ್ರಿ ಕತ್ತಲಲ್ಲಿ ನೆರೆಮನೆಗಳಿಗೆ ಫಿತ್ರ್ ಝಕಾತಿನ ಅಕ್ಕಿ ತಲುಪಿಸಿ ಸದ್ದಿಲ್ಲದೆ ಮರಳುವ ರೂಢಿ ನಮ್ಮ ಊರುಗಳಲ್ಲಿ ಈಗಲೂ ಪೂರ್ತಿ ಅಳಿದಿಲ್ಲ. ಯಾರ ಮನೆಯಲ್ಲಿ ಎಷ್ಟು ಕೊರತೆಯಿದೆ ಎಂದು ನೆರೆಯವರಿಗೆ ಗೊತ್ತಿರುತ್ತದೆ. ಅದಕ್ಕೆ ಅರ್ಜಿ, ಆಧಾರ್ ಪ್ರತಿ, ಫೋಟೋ ಬೇಕಾಗಿಲ್ಲ.

ಹಾಗಾದರೆ ಸಂಘಟನೆಗಳು ಪ್ರಚಾರವನ್ನೇ ಮಾಡಬಾರದೇ ಎಂದು ಕೇಳಬಹುದು. ಮಾಡಲಿ. ಗೋದಾಮಿನಲ್ಲಿ ಪೇರಿಸಿಟ್ಟ ಮುನ್ನೂರು ಚೀಲಗಳ ಫೋಟೋ ಹಾಕಲಿ, ಅಂಗಡಿಯ ಬಿಲ್ಲಿನ ಫೋಟೋ ಹಾಕಲಿ, ಕಟ್ಟಿಸಿದ ಮನೆಯ ಗೋಡೆಯ ಫೋಟೋ ಹಾಕಲಿ, ಬೀಗದ ಕೈ ಪಡೆದವನ ಫೋಟೋ ಬೇಡ. ಕಿಟ್ ಎಂಬ ಪದ್ಧತಿಯನ್ನೇ ಬಿಟ್ಟು ಊರಿನ ಎರಡು ದಿನಸಿ ಅಂಗಡಿಗಳಲ್ಲಿ ಖಾತೆ ತೆರೆದು ಚೀಟಿ ಕೊಟ್ಟರೆ, ಆ ಹೆಂಗಸು ಉಳಿದ ಗಿರಾಕಿಗಳಂತೆಯೇ ಅಂಗಡಿಗೆ ಹೋಗಿ ತನಗೆ ಬೇಕಾದ್ದನ್ನು ತರುತ್ತಾಳೆ. ಅವಳ ಮನೆಗೆ ಚಹಾಪುಡಿಗಿಂತ ಮಗುವಿನ ಹಾಲಿನ ಪುಡಿ ಮುಖ್ಯವಾಗಿರಬಹುದು, ಅದು ಸಮಿತಿಗೆ ಹೇಗೆ ಗೊತ್ತು? ಬ್ಯಾಂಕ್ ಖಾತೆ ಇದ್ದವರಿಗೆ ನೇರವಾಗಿ ಹಣ ಹಾಕಿದರೆ ಇನ್ನೂ ಸುಲಭ. ಈ ರೀತಿಯಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಬೈತುಲ್ ಮಾಲ್‌ಗಳೂ ಇವೆ. ಅವುಗಳ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಅವುಗಳ ಯೋಗ್ಯತಾಪತ್ರ.

ಕೊಲ್ಲಿಯಲ್ಲಿರುವ ದಾನಿಗಳಿಗೂ ಒಂದು ಮಾತು. ಫೋಟೋ ಕೇಳುವವರು ನೀವೆಂದೇ ಇಲ್ಲಿ ಎಲ್ಲರೂ ಹೇಳುತ್ತಾರೆ. ಮುಂದಿನ ಸಲ ಹಣ ಕಳಿಸುವಾಗ ಪಡೆದವರ ಫೋಟೋ ಬೇಡ, ಬಿಲ್ಲು ಮತ್ತು ಲೆಕ್ಕಪತ್ರ ಕಳಿಸಿ ಎಂದು ಒಂದು ಸಾಲು ಬರೆದರೆ ಸಾಕು, ಅರ್ಧ ಫ್ಲೆಕ್ಸುಗಳು ತಾವಾಗಿ ಇಳಿಯುತ್ತವೆ. ಮುಂದಿನ ರಮಝಾನ್ ಬರುವ ಮೊದಲು ಪ್ರತಿಯೊಂದು ಜಮಾಅತಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಪುಟಗಳಲ್ಲಿ ಈಗಾಗಲೇ ತುಂಬಿರುವ ಹಳೆಯ ಫೋಟೋಗಳನ್ನು ಯಾವಾಗ ಅಳಿಸುತ್ತೀರಿ ಎಂದು ಪದಾಧಿಕಾರಿಗಳನ್ನು ಸದಸ್ಯರು ಎದ್ದು ನಿಂತು ಕೇಳಲಿ. ಉತ್ತರ ಬರುವ ತನಕ ವಾರ್ಷಿಕ ವರದಿಗೆ ಒಪ್ಪಿಗೆ ಕೊಡಬೇಡಿ.